ಹಳೆಯ ಹಾಡು ನಾಟಿ, ಹೊಸದು ಫಾರಂ: ಈ ಮಾತಿನ ಮೇಲೆ ಸಂಶೋಧನೆ ಮಾಡುವುದು ಹೇಗೆ?

ಪ್ರಶ್ನೆ: ಊರು ಮಂಡ್ಯ, ಮೈಸೂರಿನಲ್ಲಿ ಎಂ.ಎ. ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ತಂದೆಯವರು ‘ಹಳೇ ಹಾಡು ನಾಟಿ, ಈಗಿನದು ಫಾರಂ’ ಎನ್ನುತ್ತಿರುತ್ತಾರೆ. ಊರಲ್ಲಿ ಎಲ್ಲರ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ. ಇದನ್ನೇ ಕಿರುಪ್ರಬಂಧದ ವಿಷಯ ಮಾಡಿಕೊಂಡು, ಹಳೆಯ ಚಿತ್ರಗೀತೆ, ಭಾವಗೀತೆ, ಮಂಟೇಸ್ವಾಮಿ ಎಂಬ ಪವಾಡಪುರುಷನ ಕತೆ ಹೇಳುವ ಜನಪದ ಕಾವ್ಯದ ಕ್ಯಾಸೆಟ್‌ಗಳು ಮೂರನ್ನೂ ಸೇರಿಸಬೇಕೆಂದಿದ್ದೇನೆ. ಮಾರ್ಗದರ್ಶಕರು ‘ಇದು ಬರೀ ಹಳಹಳಿಕೆ, ಸಂಶೋಧನೆ ಎಲ್ಲಮ್ಮ?’ ಎನ್ನುತ್ತಾರೆ. ವಿದ್ವಾಂಸರು ಈ ಬಗ್ಗೆ ಏನು ಹೇಳಿದ್ದಾರೆ? ಆರು ತಿಂಗಳಲ್ಲಿ ಹೇಗೆ ಮುಗಿಸಲಿ? ಮನೆಯಲ್ಲಿ ಒಂದು ಡಬ್ಬದ ತುಂಬ ಕ್ಯಾಸೆಟ್‌ಗಳಿವೆ, ಅವುಗಳಿಂದ ಏನಾದರೂ ಉಪಯೋಗವಿದೆಯೇ?

ಉತ್ತರ: ನಿಮ್ಮ ಮಾರ್ಗದರ್ಶಕರ ಮಾತು ಅರ್ಧ ಸರಿ. ಹಳಹಳಿಕೆಯನ್ನು ಹಾಗೇ ಬರೆದಿಟ್ಟರೆ ಅಭಿನಂದನ ಗ್ರಂಥಕ್ಕೆ ಒಂದು ಲೇಖನವಾದೀತು, ಪ್ರಬಂಧವಾಗದು. ಆದರೆ ಹಳಹಳಿಕೆಯೇ ಅಧ್ಯಯನದ ವಿಷಯವಾಗಲು ಅಡ್ಡಿಯೇನಿಲ್ಲ. ಅದರ ಬಗ್ಗೆ ಮುನ್ನೂರು ವರ್ಷಕ್ಕೂ ಮೀರಿದ ಬರವಣಿಗೆ ಇದೆ. ಬದಲಾಗಬೇಕಾದದ್ದು ನಿಮ್ಮ ಪ್ರಶ್ನೆ. ‘ಹಳೆಯ ಹಾಡು ನಿಜವಾಗಿ ಅಸಲಿಯೇ?’ ಎಂದು ಹೊರಟರೆ ಆರು ವರ್ಷವಾದರೂ ದಡ ಮುಟ್ಟುವುದಿಲ್ಲ. ‘ಯಾರು, ಯಾವ ಹಾಡಿನ ಯಾವ ಪ್ರತಿಯನ್ನು, ಯಾವುದರ ಎದುರಿಗಿಟ್ಟು ಅಸಲಿ ಎನ್ನುತ್ತಾರೆ?’ ಎಂದು ಕೇಳಿ. ಪ್ರತಿ ಎಂದರೆ ಅವರ ಕಿವಿಗೆ ಬಿದ್ದದ್ದು: ಪಕ್ಕದ ಮನೆಯ ರೇಡಿಯೊ, ಎರಡನೇ ಸೈಡಿನಲ್ಲಿ ಗೊರಗೊರ ಎನ್ನುತ್ತಿದ್ದ ಕ್ಯಾಸೆಟ್, ಜಾತ್ರೆಯ ಒಂದು ರಾತ್ರಿ. ‘ಆ ಹಾಡು’ ಎಂದು ಜನ ಹೇಳುವಾಗ ಬಹಳ ಸಲ ಈ ಪ್ರತಿಯನ್ನೇ ನೆನೆಯುತ್ತಿರುತ್ತಾರೆ. ನಿಮ್ಮ ಪ್ರಬಂಧದ ಬೆನ್ನುಮೂಳೆ ಇದಾಗಲಿ.

ಮೊದಲು ಪದಗಳು. ಅಥೆಂಟಿಸಿಟಿಗೆ ನಿಘಂಟು ನೋಡಿ ‘ಅಧಿಕೃತತೆ’ ಎಂದು ಬರೆಯುವವರಿದ್ದಾರೆ. ಅದಕ್ಕೆ ಸರ್ಕಾರಿ ಮೊಹರಿನ ವಾಸನೆ. ‘ಅಸಲಿತನ’ ವಾಸಿ. ಆದರೂ ಅದಕ್ಕಿಂತ ಬೆಲೆಬಾಳುವುದು ಮಾತಿನಲ್ಲಿ ಓಡಾಡುವ ಪದಗಳೇ: ‘ಒರಿಜಿನಲ್ಲು’, ‘ಸೊಗಡು’, ‘ಅರ್ಥ ಇತ್ತು’, ‘ಕೇಳೋ ಹಂಗಿತ್ತು’. ನಿಮ್ಮ ತಂದೆಯವರ ನಾಟಿ-ಫಾರಂ ಮಾತಂತೂ ಚಿನ್ನ. ನಾಟಿ ಕೋಳಿ ತಿಪ್ಪೆ ಕೆದರಿ ತನ್ನ ಪಾಡಿಗೆ ಬೆಳೆದದ್ದು. ಫಾರಂ ಕೋಳಿಗೆ ಲೆಕ್ಕದ ಮೇವು, ಲೆಕ್ಕದ ದಿನ. ಅಂದರೆ ಅವರ ದೂರು ರುಚಿಗಿಂತ ಹೆಚ್ಚಾಗಿ ತಯಾರಿಕೆಯ ಮೇಲಿದೆ. ಜರ್ಮನ್ ಚಿಂತಕ ಥಿಯೊಡೋರ್ ಅಡಾರ್ನೊ 1941ರಲ್ಲಿ ಜನಪ್ರಿಯ ಸಂಗೀತದ ಮೇಲೆ ಹೊರಿಸಿದ ದೂರೂ ಇದೇ ಜಾಡಿನದು: ಎಲ್ಲ ಹಾಡೂ ಒಂದೇ ಅಚ್ಚಿನವು, ಬಿಡಿಭಾಗ ಬದಲಿಸಿ ಹೊಸದೆಂದು ಮಾರುತ್ತಾರೆ. ತಮಾಷೆ ಏನೆಂದರೆ ಅವರು ಫಾರಂ ಪಟ್ಟಿಗೆ ಸೇರಿಸಿದ್ದು ಆ ಕಾಲದ ಅಮೆರಿಕದ ಹಿಟ್ ಹಾಡುಗಳನ್ನು. ಅಲ್ಲಿನ ಹಿರಿಯರ ಬಾಯಲ್ಲಿ ಮುಂದೆ ಅವೇ ನಾಟಿಯಾದವು.

ಹಳಹಳಿಕೆಗೆ ಇಂಗ್ಲಿಷಿನಲ್ಲಿರುವ ಪದ ನಾಸ್ಟಾಲ್ಜಿಯಾ. ಅದು ಹುಟ್ಟಿದ್ದು ಕಾಯಿಲೆಯ ಹೆಸರಾಗಿ. 1688ರಲ್ಲಿ ಬಾಸೆಲ್ ನಗರದಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ, ಊರು ಬಿಟ್ಟವರ ಕೊರಗಿಗೆ ‘ಮರಳುವುದು’ ಮತ್ತು ‘ನೋವು’ ಎಂಬರ್ಥದ ಎರಡು ಗ್ರೀಕ್ ಪದ ಬೆಸೆದು ಈ ಹೆಸರಿಟ್ಟ. ಬೇಗನೇ ಕಾಯಿಲೆಗೆ ಹಾಡೊಂದು ಗಂಟುಬಿತ್ತು. ದನ ಕಾಯುವವರ ಒಂದು ಧಾಟಿ ಕೇಳಿದರೆ ಪರದೇಶದಲ್ಲಿರುವ ಸ್ವಿಸ್ ಸೈನಿಕರು ಅಳುತ್ತಾರೆ, ಪಡೆ ಬಿಟ್ಟು ಓಡುತ್ತಾರೆ, ಆದ್ದರಿಂದ ಅದನ್ನು ನುಡಿಸುವುದನ್ನೇ ನಿಷೇಧಿಸಿದ್ದರು ಎಂದು ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ ಬರೆದ. ಅದರ ಜೊತೆಗೇ ಒಂದು ಸೂಕ್ಷ್ಮವನ್ನೂ ಗುರುತಿಸಿದ: ಬೇರೆಯವರಿಗೆ ಆ ಧಾಟಿಯಿಂದ ಏನೂ ಆಗುವುದಿಲ್ಲ. ಸೈನಿಕರಿಗೆ ಅದು ಕೆಲಸ ಮಾಡುವುದು ಸಂಗೀತವಾಗಿ ಎನ್ನುವುದಕ್ಕಿಂತ ನೆನಪಿನ ಗುರುತಾಗಿ. ಇಷ್ಟು ವರ್ಷಗಳಲ್ಲಿ ಈ ವಿಷಯದ ಬಗ್ಗೆ ಬಂದ ಮಾತುಗಳಲ್ಲಿ ಇದಕ್ಕಿಂತ ಚೊಕ್ಕವಾದದ್ದು ಕಡಿಮೆ.

ಈಚಿನವರಲ್ಲಿ ಇಬ್ಬರನ್ನು ಓದಿದರೆ ಸಾಕು. ಸಮಾಜಶಾಸ್ತ್ರಜ್ಞ ಫ್ರೆಡ್ ಡೇವಿಸ್ 1979ರಲ್ಲಿ ಹಳಹಳಿಕೆಗೆ ಮೂರು ಮೆಟ್ಟಿಲು ಹೇಳಿದರು: ‘ಆ ಕಾಲ ಚೆನ್ನಾಗಿತ್ತು’ ಎನ್ನುವುದು ಮೊದಲನೆಯದು, ‘ನಿಜವಾಗಿ ಹಾಗಿತ್ತೇ?’ ಎಂದು ತನ್ನನ್ನೇ ಕೇಳಿಕೊಳ್ಳುವುದು ಎರಡನೆಯದು, ‘ನನಗೇಕೆ ಹೀಗನಿಸುತ್ತಿದೆ?’ ಎಂಬುದು ಮೂರನೆಯದು. ಸ್ವೆಟ್ಲಾನಾ ಬೊಯ್ಮ್ 2001ರಲ್ಲಿ ಎರಡು ಬಗೆ ಮಾಡಿದರು. ಒಂದು ಬಗೆಯವರಿಗೆ ಹೋದದ್ದನ್ನು ಇದ್ದ ಹಾಗೇ ಮತ್ತೆ ಕಟ್ಟಬೇಕು. ಅವರು ಅದನ್ನು ಹಳಹಳಿಕೆ ಎನ್ನುವುದೇ ಇಲ್ಲ, ಪರಂಪರೆ, ಸತ್ಯ ಎನ್ನುತ್ತಾರೆ. ಇನ್ನೊಂದು ಬಗೆಯವರು ಹೋದದ್ದು ಹೋಯಿತೆಂದು ತಿಳಿದೇ ಅದರ ಸುತ್ತ ಸುಳಿದಾಡುತ್ತಾರೆ. ಮೈಸೂರಿನ ಯಾವುದೇ ಕರೋಕೆ ಬಳಗದ ಸಂಜೆಗೆ ಹೋಗಿ ಕುಳಿತರೆ ಎರಡೂ ಒಂದೇ ಸಾಲಿನ ಕುರ್ಚಿಗಳಲ್ಲಿ ಸಿಗುತ್ತವೆ. ‘ಅಣ್ಣಾವ್ರು ಹಾಡಿದ ಹಾಗೇ ಹಾಡಬೇಕು, ಒಂದು ಗಮಕ ಆಚೀಚೆ ಆಗಬಾರದು’ ಎನ್ನುವವರು ಮೊದಲ ಬಗೆ. ಶ್ರುತಿ ತಪ್ಪಿದರೂ ನಗುತ್ತ ಹಾಡಿ ಕೆಳಗಿಳಿಯುವವರು ಎರಡನೆಯ ಬಗೆ. ಜನರನ್ನು ಇವರು ಆ ಬಗೆ, ಅವರು ಈ ಬಗೆ ಎಂದು ವಿಂಗಡಿಸಿಬಿಡಬೇಡಿ. ಒಬ್ಬರೇ ಹದಿನೈದು ನಿಮಿಷದಲ್ಲಿ ಎರಡನ್ನೂ ಆಡುತ್ತಾರೆ. ವಿಂಗಡಿಸಬೇಕಾದದ್ದು ಮಾತುಗಳನ್ನು.

ಅಸಲಿತನಕ್ಕೆ ಸಂಗೀತ ವಿದ್ವಾಂಸ ಅಲನ್ ಮೂರ್ 2002ರಲ್ಲಿ ಬರೆದ ಪ್ರಬಂಧವನ್ನು ಆಧಾರ ಮಾಡಿಕೊಳ್ಳಿ. ಅವರ ವಾದದ ತಿರುಳು ಇಷ್ಟು: ಅಸಲಿತನ ಹಾಡಿನೊಳಗೆ ಅಡಗಿ ಕೂತಿರುವುದಿಲ್ಲ, ಕೇಳುವವರು ಅದನ್ನು ಹಾಡಿಗೆ ಕೊಡುತ್ತಾರೆ. ಹಾಗಾಗಿ ‘ಏನು ಅಸಲಿ?’ ಎಂಬುದಕ್ಕಿಂತ ‘ಯಾರನ್ನು ಅಸಲಿ ಎನ್ನುತ್ತಿದ್ದಾರೆ?’ ಎಂದು ಕೇಳಬೇಕು. ಉತ್ತರ ಮೂರು ಪುರುಷಗಳಲ್ಲಿ ಬರುತ್ತದೆ, ವ್ಯಾಕರಣದಲ್ಲಿ ಬರುವಂತೆಯೇ. ಉತ್ತಮ ಪುರುಷ: ಹಾಡುವವನು ತನ್ನೊಳಗಿನದನ್ನೇ ಹಾಡುತ್ತಿದ್ದಾನೆ. ಮಧ್ಯಮ ಪುರುಷ: ಕೇಳುವ ನಮ್ಮ ಬದುಕನ್ನು ಇದ್ದಂತೆ ಹೇಳುತ್ತಿದ್ದಾನೆ. ಪ್ರಥಮ ಪುರುಷ: ಇಲ್ಲಿ ಇಲ್ಲದ ಯಾರನ್ನೋ, ಒಂದು ಪರಂಪರೆಯನ್ನು, ಸರಿಯಾಗಿ ತಲುಪಿಸುತ್ತಿದ್ದಾನೆ. ಒಂದು ಎಚ್ಚರ: ಇಂಗ್ಲಿಷ್ ವ್ಯಾಕರಣದಲ್ಲಿ ಫಸ್ಟ್ ಪರ್ಸನ್ ಎಂದರೆ ನಮ್ಮ ಉತ್ತಮ ಪುರುಷ. ನೇರ ಅನುವಾದಿಸಿ ‘ಪ್ರಥಮ ಪುರುಷ’ ಎಂದು ಬರೆದರೆ ಮೂರನೆಯದೂ ಮೊದಲನೆಯದೂ ಅದಲುಬದಲಾಗಿ, ಪರೀಕ್ಷಕರಲ್ಲಿ ಕನ್ನಡ ಮೇಷ್ಟ್ರಿದ್ದರೆ ಅಲ್ಲೇ ಹಿಡಿಯುತ್ತಾರೆ.

ನಿಮ್ಮ ಮೂರು ಪ್ರಕಾರಗಳು ಈ ಮೂರಕ್ಕೆ ಚೆನ್ನಾಗಿ ಕೂಡಿಬರುತ್ತವೆ, ಆದರೆ ಒಂದಕ್ಕೊಂದು ಎಂದು ಜೋಡಿಸಿ ಕೂರಿಸಬೇಡಿ. ಚಿತ್ರಗೀತೆಯನ್ನೇ ನೋಡಿ. ರಾಜ್‌ಕುಮಾರ್ ಹಾಡು ‘ಅಸಲಿ’ ಎನ್ನುವವರನ್ನು ಯಾವ ದನಿ ಎಂದು ಕೇಳಿ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ನಂತರ ಅವರ ಹಾಡುಗಳಿಗೆ ಅವರದೇ ಕಂಠ ರೂಢಿಯಾಯಿತು. ಅದಕ್ಕೂ ಮುಂಚೆ ಹೆಚ್ಚಾಗಿ ಪರದೆಯ ಮೇಲೆ ರಾಜ್‌ಕುಮಾರ್, ಮೈಕಿನ ಮುಂದೆ ಪಿ.ಬಿ. ಶ್ರೀನಿವಾಸ್. ಕಾಕಿನಾಡದಲ್ಲಿ ಹುಟ್ಟಿದವರ ದನಿ ಗಾಜನೂರಿನವರ ದನಿಯಾಗಿ ಇಡೀ ನಾಡಿಗೆ ಕೇಳಿಸಿತು, ಯಾರಿಗೂ ನಕಲಿ ಅನಿಸಲಿಲ್ಲ. ಎಸ್. ಜಾನಕಿ, ಪಿ. ಸುಶೀಲಾ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಮೂವರ ಮನೆಮಾತೂ ತೆಲುಗು. ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣ ದಶಕಗಟ್ಟಲೆ ನಡೆದದ್ದು ಮುಖ್ಯವಾಗಿ ಮದ್ರಾಸಿನಲ್ಲಿ. ಮೈಸೂರಿನವರೇ ಆದ ರಾಜನ್-ನಾಗೇಂದ್ರ ಕೂಡ 1952ರಲ್ಲಿ ಶುರುವಾದ ವೃತ್ತಿಯ ಬಹುಭಾಗವನ್ನು ಅಲ್ಲಿನ ಸ್ಟುಡಿಯೊಗಳಲ್ಲೇ ಕಳೆದರು.

ಈ ಹಂತದಲ್ಲಿ ವಿದ್ಯಾರ್ಥಿಗಳು ಮುಗ್ಗರಿಸುವುದು ಹೆಚ್ಚು. ‘ನೋಡಿ, ಅಸಲಿ ಎಂದದ್ದು ಅಸಲಿಯೇ ಅಲ್ಲ!’ ಎಂದು ಕಳ್ಳನನ್ನು ಹಿಡಿದವರ ಹಾಗೆ ಅಧ್ಯಾಯ ಮುಗಿಸುತ್ತಾರೆ. ಅದು ಅಗ್ಗದ ಗೆಲುವು. ರಿಚರ್ಡ್ ಪೀಟರ್‌ಸನ್ 1997ರಲ್ಲಿ ಅಮೆರಿಕದ ಕಂಟ್ರಿ ಸಂಗೀತದ ‘ಹಳ್ಳಿತನ’ವನ್ನು ರೇಡಿಯೊ ಮತ್ತು ರೆಕಾರ್ಡ್ ಕಂಪನಿಗಳು ಹೇಗೆ ಹೊಲಿದು ಕೊಟ್ಟವು ಎಂದು ಬಿಡಿಸಿ ತೋರಿಸಿದರು, ಆದರೆ ಅವರ ಆಸಕ್ತಿ ಆ ಹೊಲಿಗೆ ಕೇಳುಗರಿಗೆ ಏಕೆ ಒಪ್ಪಿತು ಎಂಬುದರಲ್ಲಿ. ಸೈಮನ್ ಫ್ರಿತ್ 1986ರ ಪ್ರಬಂಧವೊಂದರಲ್ಲಿ ನೆನಪಿಸುತ್ತಾರೆ: ಮೈಕ್ ಬಂದ ಹೊಸತರಲ್ಲಿ, ಕಿವಿಯಲ್ಲಿ ಪಿಸುಗುಟ್ಟುವ ಹಾಗೆ ಮೆಲುದನಿಯಲ್ಲಿ ಹಾಡುವುದನ್ನೇ ಮೋಸ, ಬೂಟಾಟಿಕೆ ಎಂದು ಬೈದಿದ್ದರು. ಮುಂದೆ ಅದೇ ಮೈಕಿನ ದನಿ ಆತ್ಮೀಯತೆಯ ಗುರುತಾಯಿತು. ಕಂಪನಿ ನಾಟಕದ ಕಡೆಯ ಸಾಲಿಗೂ ಕೇಳುವಂತೆ ತಾರಕದಲ್ಲಿ ಹಾಡುತ್ತಿದ್ದ ರಂಗಗೀತೆಯ ಪಕ್ಕ ಅರವತ್ತರ ದಶಕದ ಒಂದು ಯುಗಳಗೀತೆ ಇಟ್ಟು ಕೇಳಿ. ಎಷ್ಟು ದೊಡ್ಡ ಯಂತ್ರ ನಡುವೆ ನಿಂತಿದೆ ಎಂಬುದು ತಿಳಿಯುತ್ತದೆ. ಇವತ್ತಿನ ಆಟೋಟ್ಯೂನ್ ಮೇಲಿನ ಸಿಟ್ಟನ್ನು ಬರೆಯುವಾಗ ಈ ಹಿನ್ನೆಲೆ ಇರಲಿ.

ಭಾವಗೀತೆಯಲ್ಲಿ ತೊಡಕು ಬೇರೆ. ಅಲ್ಲಿ ಕವಿತೆ ಮೊದಲು, ಧಾಟಿ ಆಮೇಲೆ, ಕೆಲವೊಮ್ಮೆ ಅರ್ಧ ಶತಮಾನ ಆಮೇಲೆ. ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರದು. ಇಂದು ನಿಮ್ಮ ಜಿಲ್ಲೆಯಲ್ಲಿ ಗುನುಗುವ ಧಾಟಿಗಳು ಹೆಚ್ಚಿನವು ಕ್ಯಾಸೆಟ್ ಕಾಲದವು. ಹಾಗಾದರೆ ‘ಒರಿಜಿನಲ್’ ಯಾವುದು? ನಾಡಗೀತೆಯ ವಿಷಯದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಕುವೆಂಪು ಅವರ ಕವಿತೆಯನ್ನು ಸರ್ಕಾರ 2004ರಲ್ಲಿ ನಾಡಗೀತೆಯಾಗಿ ಘೋಷಿಸಿತು. ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥ್ ಅವರದೋ ಎಂಬ ಜಗ್ಗಾಟ ವರ್ಷಗಟ್ಟಲೆ ನಡೆದು, 2022ರಲ್ಲಿ ಅನಂತಸ್ವಾಮಿಯವರ ಸಂಯೋಜನೆ, 2 ನಿಮಿಷ 30 ಸೆಕೆಂಡಿನ ಅವಧಿ ಎಂದು ಆದೇಶವಾಯಿತು. ‘ಅಧಿಕೃತತೆ’ ಎಂಬ ಪದ ನಿಜವಾಗಿ ಹೊಂದುವುದು ಇಲ್ಲಿ. ಆ ಚರ್ಚೆಯ ಪತ್ರಿಕಾ ವರದಿಗಳನ್ನು ಕಲೆಹಾಕಿ, ಎರಡೂ ಕಡೆಯವರು ಯಾವ ಪುರುಷದಲ್ಲಿ ವಾದಿಸಿದರು ಎಂದು ಗುರುತು ಹಾಕಿ. ಒಂದು ಅಧ್ಯಾಯಕ್ಕೆ ಅಷ್ಟೇ ಸಾಕು.

ಮಂಟೇಸ್ವಾಮಿಯ ವಿಚಾರಕ್ಕೆ ಬಂದರೆ ನೆಲವೇ ಬೇರೆ. ನಗರದ ಕೇಳುಗರು ಜನಪದ ಎಂದು ಕೇಳುವಾಗ ಅಸಲಿತನವನ್ನು ದನಿಯಲ್ಲಿ ಹುಡುಕುತ್ತಾರೆ: ತಂಬೂರಿ ಇದೆಯೇ, ಕೀಬೋರ್ಡ್ ಸೇರಿದೆಯೇ, ಭಾಷೆ ತಿದ್ದಿದ್ದಾರೆಯೇ? ಈ ಕಾವ್ಯ ಹಾಡುವ ನೀಲಗಾರರಿಗೆ ಮುಖ್ಯವಾಗುವುದು ದೀಕ್ಷೆ: ಯಾವ ಮಠದ ಒಕ್ಕಲು, ಯಾರಿಂದ ಕಲಿತದ್ದು, ಹಾಡುವ ಹಕ್ಕು ಇದೆಯೇ. ಅವರಲ್ಲಿ ಬಹುಪಾಲು ದಲಿತ ಸಮುದಾಯಗಳವರು ಎಂಬುದನ್ನು ಬದಿಗಿಟ್ಟು ‘ಮಣ್ಣಿನ ಸೊಗಡು’ ಎಂದಷ್ಟೇ ಬರೆದರೆ ಹಾಡು ಉಳಿದು ಹಾಡಿದವರು ಮಾಯವಾಗುತ್ತಾರೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ, ಚಿಕ್ಕಲ್ಲೂರು ಜಾತ್ರೆಯಲ್ಲಿ ಸಿಗುವ ಉತ್ತರಗಳನ್ನು ಮೈಸೂರಿನ ಬಡಾವಣೆಯ ಉತ್ತರಗಳ ಪಕ್ಕ ಇಡಿ. ಪದ ಒಂದೇ ಇರುತ್ತದೆ, ಅಳತೆಗೋಲು ಬೇರೆ ಇರುತ್ತದೆ. ಮಲೆ ಮಾದಪ್ಪನ ಪರಂಪರೆಯದಾದ ‘ಕೋಲುಮಂಡೆ’ ಪದ 1996ರ ‘ಜನುಮದ ಜೋಡಿ’ ಚಿತ್ರದಲ್ಲಿ ವಾದ್ಯವೃಂದದೊಂದಿಗೆ ಬಂದಾಗ ಮನೆಮಾತಾಯಿತು. 2020ರಲ್ಲಿ ಅದರ ರ್‍ಯಾಪ್ ರೂಪದ ವಿಡಿಯೊ ಭಕ್ತರ ಆಕ್ಷೇಪದಿಂದ ವಾಪಸಾಯಿತು. ಆಕ್ಷೇಪ ಮುಖ್ಯವಾಗಿ ಎದ್ದದ್ದು ಮಾದಪ್ಪನ ಕತೆಯ ಶರಣೆ ಸಂಕಮ್ಮನ ಚಿತ್ರಣದ ಮೇಲೆ. ‘ಹಳೆಯ ಧಾಟಿ ಕೆಡಿಸಿದರು’ ಎಂಬ ಸರಳ ವಿವರಣೆ ಇಲ್ಲಿ ನಿಲ್ಲುವುದಿಲ್ಲ.

ಇನ್ನು ಪ್ರತಿಯ ಕತೆ. ಭಾರತದಲ್ಲಿ 1902ರಲ್ಲಿ ಶುರುವಾದ ಗ್ರಾಮಫೋನ್ ಧ್ವನಿಮುದ್ರಣದ ಮೊದಲ ತಾರೆ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ಅರಮನೆಯ ಆಶ್ರಯದಲ್ಲಿ, ಮೈಸೂರಿನಲ್ಲಿ. ತೀರಿಕೊಂಡದ್ದು 1930ರ ಜನವರಿಯಲ್ಲಿ. ಗಂಟೆಗಟ್ಟಲೆ ಹಾಡುತ್ತಿದ್ದವರು 78 ವೇಗದ ತಟ್ಟೆಯ ಮೂರು ಚಿಲ್ಲರೆ ನಿಮಿಷಕ್ಕೆ ರಾಗವನ್ನು ಮಡಿಸಿ ಇಡಬೇಕಾಯಿತು. ಆ ಮಡಿಕೆಯನ್ನೇ ನಂತರದವರು ಶುದ್ಧ ಎಂದು ಕಲಿತರು. ಕ್ಯಾಸೆಟ್ ಮಾಡಿದ್ದೂ ಇದನ್ನೇ. ರಾತ್ರಿಯಿಡೀ ನಡೆಯುವ ಕತೆ 60 ನಿಮಿಷದ ಟೇಪಿಗೆ ಬಂದಾಗ ಪ್ರತಿ 30 ನಿಮಿಷಕ್ಕೊಂದು ನಿಲುಗಡೆ ಬೇಕಾಗುತ್ತದೆ, ‘ಸಿದ್ಧಯ್ಯ ಸ್ವಾಮಿ ಬನ್ನಿ’ ಎಂಬ ಸೊಲ್ಲು ಮರಳುವ ಸಲಗಳು ಕಡಿಮೆಯಾಗುತ್ತವೆ, ನಡುವೆ ಜನರೊಂದಿಗೆ ಆಡುವ ಮಾತು ಬಿದ್ದುಹೋಗುತ್ತದೆ. ನಿಮ್ಮ ಡಬ್ಬದಲ್ಲಿರುವುದು ಈ ಕತ್ತರಿ ಬಿದ್ದ ರೂಪ, ಊರಿಗೆ ಈಗ ಅದೇ ಅಸಲಿ. ಕ್ಯಾಸೆಟ್ ಬಂದು ಒಂದೇ ದೊಡ್ಡ ಕಂಪನಿಯ ಹಿಡಿತ ಹೇಗೆ ಸಡಿಲವಾಯಿತು, ಸಣ್ಣ ಊರಿನ ದನಿಗಳಿಗೆ ಮಾರುಕಟ್ಟೆ ಹೇಗೆ ತೆರೆಯಿತು ಎಂಬುದಕ್ಕೆ ಪೀಟರ್ ಮ್ಯಾನುಯೆಲ್ ಅವರ 1993ರ ಅಧ್ಯಯನ ನೋಡಿ. ಅದು ಉತ್ತರ ಭಾರತದ್ದು, ಆದರೂ ನಕ್ಷೆ ಹೊಂದುತ್ತದೆ. ರೇಡಿಯೊ ಪಾಲನ್ನೂ ಮರೆಯಬೇಡಿ: 1952ರಿಂದ ಕೆಲವು ವರ್ಷ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟಿತ್ತು, 1957ರಲ್ಲಿ ವಿವಿಧ ಭಾರತಿ ಬಂದ ಮೇಲೆ ಬಾಗಿಲು ತೆರೆಯಿತು. ಇಂದು ‘ಸಂಸ್ಕಾರವಂತ ಹಳೆಯ ಹಾಡು’ ಎನಿಸಿಕೊಂಡದ್ದು ಅಂದು ಸರ್ಕಾರದ ಕಣ್ಣಿಗೆ ಕೀಳು ಅಭಿರುಚಿ. (ಆಕಾಶವಾಣಿ ಎಂಬ ಹೆಸರೇ 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೆಯಿಂದ ಆರಂಭಿಸಿದ ಕೇಂದ್ರದ್ದು. ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು, ನಿಮ್ಮ ವಿಷಯಕ್ಕೆ ನೆಂಟರೇ.)

ವಯಸ್ಸಿನ ಲೆಕ್ಕವನ್ನು ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ 1989ರಲ್ಲಿ ಅಮೆರಿಕದಲ್ಲಿ 108 ಜನರಿಗೆ 1932ರಿಂದ 1986ರವರೆಗಿನ 28 ಹಾಡುಗಳ ತುಣುಕು ಕೇಳಿಸಿದರು. ಜನ ಹೆಚ್ಚು ಮೆಚ್ಚಿದ್ದು ತಮಗೆ ಸುಮಾರು 24 ವಯಸ್ಸಿದ್ದಾಗ ಬಂದ ಹಾಡುಗಳನ್ನು. ಹಾಗೆ ನೋಡಿದರೆ 1987ರಲ್ಲಿ ‘ಪ್ರೇಮಲೋಕ’ ಕೇಳಿದ ಯುವಕರಿಗೆ ಸಿಂಥಸೈಜರ್ ದನಿಯೇ ನಾಟಿ ಆಗಬೇಕು, ಆಗಿಯೂ ಇದೆ. ಆದರೆ ಈ ಸಂಖ್ಯೆಯನ್ನು ಮಂಡ್ಯಕ್ಕೆ ಹಾಗೇ ತಂದು ಅಂಟಿಸಬೇಡಿ. ಹದಿನೆಂಟಕ್ಕೆ ಮದುವೆಯಾಗಿ ರೇಡಿಯೊ ಇಲ್ಲದ ಮನೆಗೆ ಹೋದ ಹೆಣ್ಣುಮಗಳ 24ನೇ ವಯಸ್ಸಿನಲ್ಲಿ ಹಾಡು ಎಷ್ಟು ಬಿದ್ದಿತ್ತು, ಎಲ್ಲಿಂದ ಬಿದ್ದಿತ್ತು ಎಂದು ಕೇಳದೆ ಅದು ಅರ್ಥವಾಗುವುದಿಲ್ಲ. ಕ್ರಮ್‌ಹಾನ್ಸ್ಲ್ ಮತ್ತು ಝುಪ್ನಿಕ್ 2013ರಲ್ಲಿ ತೋರಿಸಿದ್ದು ನಿಮಗೆ ಇನ್ನೂ ಹತ್ತಿರದ್ದು: ಇಪ್ಪತ್ತರ ಹುಡುಗ ಹುಡುಗಿಯರಿಗೆ ಅಪ್ಪ-ಅಮ್ಮನ ಪ್ರಾಯದ ಕಾಲದ ಹಾಡುಗಳ ಮೇಲೂ ಗಾಢವಾದ ಒಲವಿರುತ್ತದೆ. ಕಾಣದ ಕಾಲಕ್ಕೆ ಹಂಬಲಿಸುವುದು ಸೋಗು ಎಂದುಕೊಳ್ಳಬೇಕಿಲ್ಲ. ಆ ಹಾಡು ಅವರ ಬಾಲ್ಯದ ಅಡುಗೆಮನೆಯಲ್ಲೂ ಕೇಳಿಸುತ್ತಿತ್ತು.

ಈಗ ಕೆಲಸ. 20 ಜನ ಸಾಕು, ತಲಾ 45ರಿಂದ 60 ನಿಮಿಷ. ವಯಸ್ಸಿನ ಪ್ರಕಾರ ಗುಂಪು ಮಾಡುವ ಬದಲು ಕೇಳುವ ಜಾಗದ ಪ್ರಕಾರ ಮಾಡಿ: ಕರೋಕೆ ಬಳಗದವರು, ಕ್ಯಾಸೆಟ್ ಕೊಂಡು ಇಟ್ಟುಕೊಂಡವರು, ಮಠದ ಒಕ್ಕಲಿನವರು, ಮೊಬೈಲಿನಲ್ಲಷ್ಟೇ ಕೇಳುವ ವಿದ್ಯಾರ್ಥಿಗಳು, ತಲಾ ಐವರು. ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ಐದಾರು ಗಂಟೆ ಹಿಡಿಯುತ್ತದೆ, ಅಂದರೆ ಸುಮಾರು 100 ಗಂಟೆ. ಆರು ತಿಂಗಳಲ್ಲಿ ಒಂದೂವರೆ ತಿಂಗಳನ್ನು ಇದಕ್ಕೇ ತೆಗೆದಿಡಿ. ‘ಹಂಗಿತ್ತು’ ಎಂದದ್ದನ್ನು ‘ಹಾಗಿತ್ತು’ ಎಂದು ತಿದ್ದಬೇಡಿ.

‘ಹಳೆಯ ಹಾಡು ಚೆನ್ನಾಗಿತ್ತೇ?’ ಎಂದು ಕೇಳಿದರೆ ‘ಹೂಂ’ ಎಂಬ ಉತ್ತರ ಸಿಗುತ್ತದೆ, ಅಷ್ಟೇ. ಬದಲಿಗೆ: ಈ ಹಾಡು ಮೊದಲ ಸಲ ಎಲ್ಲಿ ಕೇಳಿದ್ದು, ಯಾರ ಮನೆ ರೇಡಿಯೊ? ಇದಾದ ಮೇಲೆ ಕ್ಯಾಸೆಟ್‌ನಲ್ಲಿ ಯಾವ ಹಾಡು ಬರುತ್ತಿತ್ತು? ಈ ಎರಡನೆಯ ಪ್ರಶ್ನೆ ಪುಟ್ಟದು, ಕೆಲಸ ದೊಡ್ಡದು. ಮುಂದಿನ ಹಾಡನ್ನು ತಡವರಿಸದೆ ಹೇಳಿದವರ ನೆನಪು ಕ್ಯಾಸೆಟ್ಟಿನದು. ಸಿನಿಮಾದ ದೃಶ್ಯ ಹೇಳಿದವರದು ಟೆಂಟಿನದು. ಕೊನೆಗೆ: ಯಾರು ಹಾಡಿದರೆ, ಎಲ್ಲಿ ಹಾಡಿದರೆ ಈ ಹಾಡು ಕೆಡುತ್ತದೆ? ಅಸಲಿತನದ ಗಡಿ ಕಾಣುವುದು ಇದರಲ್ಲಿ.

ಮಾತಿನ ನಡುವೆ 40 ಸೆಕೆಂಡಿನ ಆರು ತುಣುಕು ಕೇಳಿಸಿ: ಮೂರು ಹಾಡು, ಪ್ರತಿಯೊಂದರ ಎರಡು ರೂಪ. ಅರ್ಧ ಜನರಿಗೆ ಹಳೆಯದು ಮೊದಲು, ಉಳಿದವರಿಗೆ ಹೊಸದು ಮೊದಲು. ಎರಡರ ದನಿಮಟ್ಟ ಒಂದೇ ಇರಲೇಬೇಕು. ಆಡಾಸಿಟಿ ತಂತ್ರಾಂಶದ ಲೌಡ್‌ನೆಸ್ ನಾರ್ಮಲೈಸೇಷನ್‌ನಲ್ಲಿ ಎಲ್ಲವನ್ನೂ ಒಂದೇ ಜೋರಿಗೆ, ಅಂದರೆ ಮೈನಸ್ 18 ಎಲ್‌ಯುಎಫ್‌ಎಸ್‌ಗೆ ತನ್ನಿ. ಒಂದು ಡೆಸಿಬೆಲ್ ಹೆಚ್ಚಿದ್ದರೂ ಕಿವಿ ಅದನ್ನು ‘ಜೋರು’ ಎನ್ನುವುದಿಲ್ಲ, ‘ಚೆನ್ನಾಗಿದೆ’ ಎನ್ನುತ್ತದೆ. ಯೂಟ್ಯೂಬಿನಿಂದ ಇಳಿಸಿದ ಹಾಡನ್ನು ಹಳೆಯ ರೂಪವೆಂದು ನಂಬಬೇಡಿ. ಹಕ್ಕುಸ್ವಾಮ್ಯದ ಯಂತ್ರ ಹಿಡಿಯಬಾರದೆಂದು ವೇಗ, ಶ್ರುತಿ ಬದಲಿಸಿ ಹಾಕಿರುತ್ತಾರೆ. ಹೊಸ ತಾಳವಾದ್ಯ ಸೇರಿಸಿರುತ್ತಾರೆ. ಬೇರೆ ಗಾಯಕರ ಮರುಹಾಡಿಕೆಗೆ ಮೂಲದ ಚಿತ್ರ ಅಂಟಿಸಿರುತ್ತಾರೆ. ‘ಆಗ ಎಲ್ಲ ಹಾಡೂ ಚೆನ್ನಾಗಿದ್ದವು’ ಎಂಬ ಮಾತಿಗೂ ಒಂದು ಪರೀಕ್ಷೆ ಇದೆ. ಯಾವುದಾದರೂ ಒಂದು ಹಳೆಯ ವರ್ಷ ಆರಿಸಿ, ಆ ವರ್ಷ ತೆರೆಕಂಡ ಕನ್ನಡ ಚಿತ್ರಗಳ ಹಾಡುಗಳಲ್ಲಿ ಸಿಕ್ಕಷ್ಟನ್ನೂ ಕೇಳಿ. ಕಾಲ ಸೋಸಿ ಉಳಿಸಿದ ಹತ್ತನ್ನು, ಸೋಸದ ಇಂದಿನ ನೂರರ ಜೊತೆ ಹೋಲಿಸುತ್ತಿದ್ದೇವೆ ಎಂಬುದು ಎರಡು ದಿನದಲ್ಲಿ ಮನದಟ್ಟಾಗುತ್ತದೆ.

ಕ್ಯಾಸೆಟ್ ಡಬ್ಬಕ್ಕೆ ಬರೋಣ. ಮೊದಲು ಪ್ರತಿ ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ, ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಯುವುದಿಲ್ಲ. ಮುಚ್ಚಳ, ಕೈಬರಹದ ಚೀಟಿ, ಬೆಲೆಯ ಗುರುತು ಎಲ್ಲದರ ಫೋಟೊ ತೆಗೆಯಿರಿ, ಅವೂ ದಾಖಲೆಯೇ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು, ಅದನ್ನು ಡೆಕ್ಕಿಗೆ ಹಾಕಬೇಡಿ; ಒಂದರಿಂದ ಎಲ್ಲಕ್ಕೂ ಹರಡುತ್ತದೆ. ಟೇಪನ್ನು ದನಿ ಓದುವ ಹೆಡ್ಡಿಗೆ ಒತ್ತುವ ಸಣ್ಣ ಪ್ಯಾಡ್ ಉದುರಿದ್ದರೆ ದನಿ ಮಂಕಾಗಿ ಹೋಗಿಬರುತ್ತದೆ. ಐದು ಸ್ಕ್ರೂ ಇರುವ ಖಾಲಿ ಕ್ಯಾಸೆಟ್ ಕೊಂಡು, ಸುರುಳಿಯನ್ನು ಅದಕ್ಕೆ ವರ್ಗಾಯಿಸಿ. ಬಹುಕಾಲ ಓಡಿಸದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿ ಆಮೇಲೆ ಕೇಳಿ. ಹೆಡ್ಡನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಪ್ರತಿ ಐದಾರು ಕ್ಯಾಸೆಟ್‌ಗೊಮ್ಮೆ ಒರೆಸಿ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ಅದರ ಓರೆ ಸರಿಪಡಿಸುವುದಕ್ಕೆ: ಎರಡು ಚಾನೆಲ್ ಕೂಡಿಸಿ ಮೋನೊದಲ್ಲಿ ಕೇಳುತ್ತ, ‘ಸ’ಕಾರ ‘ಶ’ಕಾರ ಚುರುಕಾಗಿ ಕೇಳುವವರೆಗೆ ಕೂದಲೆಳೆಯಷ್ಟು ತಿರುಗಿಸಿ. ‘ಹಳೆಯ ಹಾಡಿನ ಮೆತ್ತನೆಯ ದನಿ’ ಎಂದು ಮೆಚ್ಚುವುದರಲ್ಲಿ ಒಂದು ಪಾಲು ಈ ಓರೆಯದೇ.

ವೇಗವೂ ಮೋಸ ಮಾಡುತ್ತದೆ. ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಶೇಕಡಾ 6 ಹೆಚ್ಚಾದರೆ ಶ್ರುತಿ ಅರ್ಧ ಸ್ವರ, ಅಂದರೆ ಹಾರ್ಮೋನಿಯಂನಲ್ಲಿ ಕರಿಮಣೆ, ಬಿಳಿಮಣೆ ಸೇರಿಸಿ ಎಣಿಸಿದರೆ ಒಂದು ಮಣೆ ಏರುತ್ತದೆ. ‘ಅವರ ಕಂಠ ಆಗ ಎಷ್ಟು ಎಳೆಯದಿತ್ತು’ ಎಂದು ಬರೆಯುವ ಮುಂಚೆ ಇದನ್ನು ನೋಡಿ. ಮನೆಯಲ್ಲೇ ಮುದ್ರಿಸಿದ ಟೇಪಾದರೆ ಅದರಲ್ಲಿ ಕರೆಂಟಿನ ಗುಂಯ್ ಸೇರಿರುತ್ತದೆ. ತಂತ್ರಾಂಶ ತೋರಿಸುವ ಆವರ್ತನಗಳ ನಕ್ಷೆಯಾದ ಸ್ಪೆಕ್ಟ್ರಮ್‌ನಲ್ಲಿ ಅದು 50ರ ಬದಲು 52 ಹರ್ಟ್ಸ್‌ನಲ್ಲಿ ಕಂಡರೆ ನಿಮ್ಮ ಡೆಕ್ಕು ಬೇಗ ಓಡುತ್ತಿದೆ, ಇಲ್ಲವೇ ಮುದ್ರಿಸಿದ ಡೆಕ್ಕು ನಿಧಾನವಾಗಿ ಓಡಿತ್ತು. ಸರಿಯಾಗಿ 50ರಲ್ಲಿ ನಿಂತ ಇನ್ನೊಂದು ಗುಂಯ್ ಕಂಡರೆ ಅದು ನಿಮ್ಮ ಡೆಕ್ಕಿನದೇ, ಟೇಪಿನದಲ್ಲ. ಆಗಿನ ವಿದ್ಯುತ್ ಜಾಲದಲ್ಲಿ ಆವರ್ತನ 50ಕ್ಕಿಂತ ಇಳಿಯುವುದು ಮಾಮೂಲಿಯಾಗಿದ್ದರಿಂದ ಒಂದೆರಡು ಶೇಕಡಾ ಆಚೀಚೆ ಎಂದೇ ಹಿಡಿಯಿರಿ. 24 ಬಿಟ್, 48 ಕಿಲೋಹರ್ಟ್ಸ್, ವೇವ್ ಕಡತ. ಏರುದನಿ ಮೈನಸ್ 6 ಡೆಸಿಬೆಲ್ ದಾಟದಿರಲಿ. 60 ನಿಮಿಷಕ್ಕೆ ಸುಮಾರು ಒಂದು ಗಿಗಾಬೈಟ್ ಜಾಗ ಬೇಕು. ಮೂಲ ಕಡತದಲ್ಲಿ ಸುಯ್ ಎನ್ನುವ ಸದ್ದು ತೆಗೆಯಬೇಡಿ. ನೆನಪು ಹೇಳುವವರಲ್ಲಿ ಕೆಲವರಿಗೆ ಹಾಡು ಶುರುವಾಗುವುದೇ ಆ ಸದ್ದಿನಿಂದ.

ಕಾನೂನಿನ ಮಾತು ಚುಟುಕಾಗಿ: ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ, ಸಾಹಿತ್ಯ, ಸಂಯೋಜನೆಯದು ಕರ್ತೃ ತೀರಿಕೊಂಡ ಮೇಲೆ 60 ವರ್ಷ. ಸ್ವಂತ ಸಂಶೋಧನೆಗೆ ಪ್ರತಿ ಮಾಡಿಕೊಳ್ಳಲು 1957ರ ಕಾಯಿದೆಯ 52ನೇ ಕಲಮು ಅವಕಾಶ ಕೊಡುತ್ತದೆ, ಜಾಲತಾಣಕ್ಕೆ ಏರಿಸಲು ಕೊಡುವುದಿಲ್ಲ. ಮಾತಾಡಿದವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ನೀಲಗಾರರ ಹಾಡು ಮುದ್ರಿಸಿದರೆ ಒಂದು ಪ್ರತಿ ಅವರಿಗೆ ತಲುಪಿಸಿ, ಕೂಲಿಯ ಮಾತು ಮೊದಲೇ ಆಡಿ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯವನ್ನು, ನಾಗಮಂಗಲ ತಾಲ್ಲೂಕಿನವರೇ ಆದ ಜೀ.ಶಂ. ಪರಮಶಿವಯ್ಯನವರ ಸಂಗ್ರಹಗಳನ್ನು ನೋಡದೆ ಮಂಟೇಸ್ವಾಮಿ ಅಧ್ಯಾಯ ಶುರು ಮಾಡಬೇಡಿ. ಕ್ಯಾಸೆಟ್ಟಿನಲ್ಲಿ ಏನು ಬಿದ್ದುಹೋಗಿದೆ ಎಂದು ಹೇಳಲು ಉದ್ದದ ಪಠ್ಯ ಕೈಯಲ್ಲಿರಬೇಕು.

ಕೊನೆಗೆ, ಮೂರು ಪ್ರಕಾರ ಆರು ತಿಂಗಳಿಗೆ ಜಾಸ್ತಿ. ಬಿಡುವುದಾದರೆ ಚಿತ್ರಗೀತೆ ಬಿಡಿ. ಅದರ ಬಗ್ಗೆ ಬರೆಯುವವರು ಮುಂದೆಯೂ ಇರುತ್ತಾರೆ. ಭಾವಗೀತೆ ಮತ್ತು ಮಂಟೇಸ್ವಾಮಿ ಎರಡನ್ನು ಕ್ಯಾಸೆಟ್ ಎಂಬ ಒಂದೇ ಎಳೆಯಲ್ಲಿ ಪೋಣಿಸಿ, ಮೊದಲ ಮಾತುಕತೆಯನ್ನು ನಿಮ್ಮ ತಂದೆಯವರ ಜೊತೆಗೇ ಮಾಡಿ, ಆದರೆ ಅದನ್ನು 20ರ ಲೆಕ್ಕಕ್ಕೆ ಸೇರಿಸಬೇಡಿ. ಪ್ರಶ್ನೆಗಳು ಕೆಲಸ ಮಾಡುತ್ತವೆಯೇ ಎಂದು ತಿಳಿಯಲು ಅಷ್ಟೇ. ಮಗಳು ಕೇಳಿದಾಗ ಅಪ್ಪ ಕೊಡುವ ಉತ್ತರ ಬೇರೆ, ಹೊರಗಿನವರು ಕೇಳಿದಾಗ ಕೊಡುವುದು ಬೇರೆ.